ಬೇಲಿ ದಾಟಿ ಬಂದ ಜೇನು

ಹಾಲ್ಕುರಿಕೆಯಿಂದ ಸ್ವಲ್ಪ ಆಚೆಗೆ, ತೋಟದೊಳಗೆ ನಮ್ಮ ಮನೆ. ಬೆಳಿಗ್ಗೆ ಎಂಟರ ಮೇಲೆ ಅಲ್ಲಿ ನನಗೆ ಮಾತಾಡಲು ಯಾರೂ ಇರುವುದಿಲ್ಲ. ನನ್ನ ಗಂಡನಿಗೆ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ತಿಂಡಿ ತಿಂದು ಬೈಕ್ ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಬಂದ ಮೇಲೂ ಅವರದು ಮಾತು ಕಡಿಮೆ. ಮಗಳು ಮದುವೆಯಾಗಿ ಅರಸೀಕೆರೆ ಸೇರಿದ ಮೇಲೆ, ನಾನು ಮನುಷ್ಯರ ಜೊತೆ ಆಡಿದ್ದಕ್ಕಿಂತ ಎಮ್ಮೆಯ ಜೊತೆ ಆಡಿದ ಮಾತೇ ಹೆಚ್ಚಾಗಿರಬೇಕು.

ತಂತಿಬೇಲಿಯ ಆಚೆ ಭಾವನವರ ಮನೆ. ಅವರ ಹೆಂಡತಿ ನನ್ನ ವಾರಗಿತ್ತಿ; ಅವಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ವರ್ಷಗಟ್ಟಲೆ ಒಂದೇ ಅಡುಗೆಮನೆಯಲ್ಲಿ ಅವಳು ಮುದ್ದೆ ತೊಳಸುತ್ತಿದ್ದಳು, ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ನನ್ನ ಮಗಳನ್ನು ನನಗಿಂತ ಹೆಚ್ಚು ಎತ್ತಿ ಆಡಿಸಿದವಳು ಅವಳೇ. ತೋಟ ಪಾಲಾಗುವಾಗ ಕೊಳವೆಬಾವಿಯ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟರು. ನಾವಿಬ್ಬರೂ ಜಗಳವಾಡಿದವರೇ ಅಲ್ಲ. ಆದರೂ ಅವರು ಬಿಟ್ಟ ಮೇಲೆ ನಾವೂ ಬಿಟ್ಟೆವು.

ಒಂದು ವರ್ಷ ಅಕ್ಕ ತನ್ನ ತೋಟದಲ್ಲಿ ಜೇನುಪೆಟ್ಟಿಗೆಗಳನ್ನು ಇಟ್ಟಳು. ನಮ್ಮ ಕೊಟ್ಟಿಗೆಯ ಪಕ್ಕ ಒಂದು ಗಿಡ್ಡ ತೆಂಗು ಇದೆ. ಅದರ ಹೊಂಬಾಳೆ ನನ್ನ ಕಣ್ಣಿನ ಎತ್ತರಕ್ಕೇ ಒಡೆಯುತ್ತದೆ. ಸಗಣಿ ಬಾಚಿದ ಮೇಲೆ ಅಲ್ಲಿ ನಿಂತು ನೋಡುವುದು ನನಗೆ ಅಭ್ಯಾಸವಾಯಿತು. ಮೊದಲು ಸಣ್ಣ ಗಂಡುಹೂಗಳು ಅರಳಿ, ದಿನಾ ಅಂಗಳದ ತುಂಬ ಉದುರುತ್ತವೆ. ಅವು ಮುಗಿದ ಮೇಲೆ, ಅಂಗಿಯ ಗುಂಡಿಯಂತಿರುವ ಹೆಣ್ಣುಹೂಗಳ ನೆತ್ತಿಯಲ್ಲಿ ಸಿಹಿನೀರು ಒಸರುತ್ತದೆ. ಇರುವೆಗಳು ಬರುತ್ತವೆ, ಸೂರಕ್ಕಿ ಹಕ್ಕಿ ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಜೇನು. ಅಷ್ಟು ಹೊತ್ತಿಗೆ ಆ ಗೊನೆಯಲ್ಲಿ ಗಂಡುಹೂವೇ ಉಳಿದಿರುವುದಿಲ್ಲ; ಪರಾಗ ಬೇರೆ ಮರದಿಂದಲೇ ಬರಬೇಕು. ಮೈಗೆಲ್ಲ ಹಳದಿ ಪುಡಿ ಮೆತ್ತಿಕೊಂಡು ಜೇನು ಬರುತ್ತಿದ್ದುದು ಬೇಲಿಯ ಆಚೆಯಿಂದ. ಕುಡಿದು ಹೋಗುತ್ತಿದ್ದುದೂ ಆ ಕಡೆಗೇ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ, ಬಿಸಿಲೇರುವ ಹೊತ್ತಿಗೆ, ಹಿತ್ತಲಲ್ಲಿ ಮೋಟಾರು ಓಡಿದಂಥ ಸದ್ದು. ಹೋಗಿ ನೋಡಿದರೆ ನುಗ್ಗೆಮರದ ಕೊಂಬೆಯಲ್ಲಿ ಹಲಸಿನಕಾಯಿ ಗಾತ್ರದ ಜೇನು ಕಟ್ಟಿದೆ. ಯಾರದೆಂದು ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಆಮೇಲೆ ಬೇಲಿಯ ಹತ್ತಿರ ಹೋಗಿ ಕೂಗಿದೆ.

"ಅಕ್ಕಾ, ನಿಮ್ಮ ಜೇನು ನಮ್ಮ ನುಗ್ಗೆಮರದಾಗೆ ಕೂತವೆ."

ಅಕ್ಕ ಖಾಲಿ ಪೆಟ್ಟಿಗೆ ಹೊತ್ತು, ತಲೆಗೆ ಸೆರಗು ಸುತ್ತಿಕೊಂಡು ಬಂದಳು. ಮೇಲೆ ನೋಡಿ, "ಪಾಲಾಗಿ ಬಂದವೆ ಕಣೇ" ಎಂದಳು. "ಹಳೇ ರಾಣಿ ಒಂದಷ್ಟು ಹುಳ ಕಟ್ಕೊಂಡು ಬೇರೆ ಬತ್ತದೆ." ಪಾಲು ಎಂಬ ಮಾತು ಬಂದದ್ದೇ, ಅವಳು ಪೆಟ್ಟಿಗೆಯನ್ನು ನನ್ನ ಕಡೆಗೆ ಚಾಚಿದಳು.

"ಹೆದರ್ಬ್ಯಾಡ. ಹೊಟ್ಟೆ ತುಂಬಿರ್ತದೆ ಅವಕ್ಕೆ, ಕಚ್ಚಲ್ಲ. ಪೆಟ್ಟಿಗೆ ಹಿಡ್ಕೋ."

ಅವಳು ಸ್ಟೂಲ್ ಹತ್ತಿ ಕೊಂಬೆ ಒದರಿದಳು. ಜೇನಿನ ಗುಂಪು ದೊಪ್ಪನೆ ಪೆಟ್ಟಿಗೆಗೆ ಬಿತ್ತು. ಅದರ ಗುಂಯ್‌ಗುಡುವಿಕೆ ನನ್ನ ಹೊಟ್ಟೆಗೆ ತಾಗುತ್ತಿತ್ತು. ಇಳಿಯುವಾಗ ಅವಳು ನನ್ನ ಭುಜ ಹಿಡಿದಳು. ಅಷ್ಟು ಹತ್ತಿರದಿಂದ ಅವಳನ್ನು ನೋಡಿ ಎಷ್ಟು ಕಾಲವಾಗಿತ್ತೋ. ಕಿವಿಯ ಪಕ್ಕದ ಕೂದಲೆಲ್ಲ ಬೆಳ್ಳಗಾಗಿತ್ತು.

ಉಳಿದ ಹುಳಗಳೂ ಒಳಗೆ ಸೇರಲೆಂದು ಪೆಟ್ಟಿಗೆಯನ್ನು ಮರದ ಕೆಳಗೇ ಇಟ್ಟು ಹೋದಳು. ಸಂಜೆ ಒಯ್ಯಲು ಬಂದವಳು ಗಿಡ್ಡ ತೆಂಗನ್ನು ನೋಡುತ್ತ ನಿಂತಳು. "ಇಲ್ಲೇ ಇರ್ಲಿ ಬುಡು. ಕುಡಿಯೋದು ನಿನ್ನ ಮರದ ಹೂವೇ ಅಲ್ವಾ? ನಾನೇ ಬಂದು ನೋಡ್ಕತೀನಿ."

ನನ್ನ ಗಂಡ ಬಂದು ಪೆಟ್ಟಿಗೆ ಯಾರದೆಂದು ಕೇಳಿದರು. "ಅಕ್ಕಂದು" ಎಂದೆ. ಕೈ ತೊಳೆದು ಊಟಕ್ಕೆ ಕೂತರು.

ಅಂದಿನಿಂದ ಅಕ್ಕ ವಾರಕ್ಕೊಮ್ಮೆ ಬರುತ್ತಿದ್ದಳು. ಕಾಫಿ ಕೊಟ್ಟರೆ ನಿಂತೇ ಕುಡಿಯುತ್ತಿದ್ದಳು. ಮಾತೆಲ್ಲ ಜೇನಿನದೇ: ಹೊಂಗೆ ಹೂ ಬಿಡ್ತಾ, ಇರುವೆ ಹತ್ತಿದವಾ. ಬೇರೆ ಏನಾದರೂ ಹೇಳಬೇಕೆಂದು ನಾನು ವಾರವಿಡೀ ಅಂದುಕೊಂಡಿರುತ್ತಿದ್ದೆ. ಒಂದು ಸಲ ಅವಳು ಜೇನುತಟ್ಟಿ ಎತ್ತಿ ನೋಡುತ್ತಿದ್ದಾಗ ಹೇಳಿಯೇಬಿಟ್ಟೆ.

"ಮಗಳಿಗೆ ಈ ಸಲಾನೂ ನಿಲ್ಲಲಿಲ್ಲ ಅಕ್ಕ. ಐದು ತಿಂಗಳಾಗಿತ್ತು."

ಅವಳ ಕೈ ಅಲ್ಲೇ ನಿಂತಿತು. "ಹೂಂ. ಕೇಳ್ದೆ" ಎಂದಳು.

ಕೇಳಿದ್ದಳು. ಕೇಳಿಯೂ ನನ್ನನ್ನು ಮಾತಾಡಿಸಲೆಂದು ಬಂದಿರಲಿಲ್ಲ. ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಅವಳು ಹೋಗಿದ್ದಳು.

ಹೊಂಗೆ ಹೂ ಮುಗಿದು ಮಳೆ ಹಿಡಿಯಿತು. ಹೊಂಬಾಳೆ ಒಡೆದರೂ ಸಿಹಿಯೆಲ್ಲ ಮಳೆಗೆ ತೊಳೆದುಹೋಗುತ್ತಿತ್ತು. ಅಕ್ಕ ಸಕ್ಕರೆ ಪಾಕ ತಂದು, ಕರಟದಲ್ಲಿ ಹಾಕಿ ಪೆಟ್ಟಿಗೆಯೊಳಗೆ ಇಡುತ್ತಿದ್ದಳು. ಒಂದು ಬೆಳಿಗ್ಗೆ ಪೆಟ್ಟಿಗೆಗೆ ಕಿವಿಗೊಟ್ಟರೆ ಸದ್ದೇ ಇಲ್ಲ. ಕರೆದೆ. ಅವಳು ಬಂದು ಮುಚ್ಚಳ ತೆಗೆದಳು. ಒಣಗಿದ ತಟ್ಟಿಗಳ ಮೇಲೆ ಮೇಣ ತಿನ್ನುವ ಹುಳು ಬಲೆ ಕಟ್ಟಿತ್ತು.

"ಎದ್ದೋಗವೆ" ಎಂದಳು. "ಕುಡಿಯಾಕೆ ಏನೂ ಸಿಗದಿದ್ರೆ ಅವಾದ್ರೂ ಏನ್ ಮಾಡ್ತವೆ."

"ಕಾಫಿ ಇಡ್ತೀನಿ, ಕೂತ್ಕೋ."

"ಬ್ಯಾಡ, ಬತ್ತೀನಿ" ಎಂದು ಖಾಲಿ ಪೆಟ್ಟಿಗೆ ಹೊತ್ತು ಹೋದಳು. ಮುಂದಿನ ವಾರ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ನಾನೂ ಹೋಗಲಿಲ್ಲ.

ದೀಪಾವಳಿ ಆದಮೇಲೆ ಒಂದು ನಾಮಕರಣಕ್ಕೆ ತುರುವೇಕೆರೆಗೆ ಹೋಗಿದ್ದೆ. ವಾಪಸು ಬರುವಾಗ ತಿಪಟೂರಿನಲ್ಲಿ ನಮ್ಮೂರ ಬಸ್ ಹತ್ತಿದರೆ ಕಿಟಕಿ ಪಕ್ಕ ಅಕ್ಕ ಕೂತಿದ್ದಳು. ಪಕ್ಕದ ಸೀಟಿನಲ್ಲಿದ್ದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೂತೆ. ತಿಪಟೂರು ದಾಟಿದ ಮೇಲೆ, ಇಳಿಬಿಸಿಲಲ್ಲಿ, ಹೊಲವೊಂದರ ತುಂಬ ಹುಚ್ಚೆಳ್ಳು ಹಳದಿಯಾಗಿ ಅರಳಿತ್ತು.

"ಈಗ ಚೆನ್ನಾಗಿ ಸಿಗ್ತದೆ ಜೇನಿಗೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಕಿಟಕಿ ಕಡೆಗೇ ಮುಖ ಮಾಡಿಕೊಂಡು ಕೇಳಿದಳು: "ಮಗ ಹೆಂಗವಳೆ?"

ನನ್ನ ಮಗಳನ್ನು ಅವಳು ಚಿಕ್ಕಂದಿನಿಂದಲೂ ಮಗ ಎಂದೇ ಕರೆಯುತ್ತಿದ್ದುದು. ನಾನು ಹೇಳುತ್ತ ಹೋದೆ. ಆಸ್ಪತ್ರೆ, ಮಗಳು ಊಟ ಬಿಟ್ಟಿದ್ದು, ಅಳಿಯ ಒಳ್ಳೆಯವನೇ ಎಂಬುದು, ಎಲ್ಲವನ್ನೂ. ಅವಳು ಒಂದೆರಡು ಸಲ ಸೆರಗಿನಿಂದ ಮೂಗು ಒರೆಸಿಕೊಂಡಳು.

ಬಸ್ ನಿಂತಾಗ ಕತ್ತಲಾಗಿತ್ತು; ಭಾವ ಟಾರ್ಚ್ ಹಿಡಿದು ಕಾಯುತ್ತಿದ್ದರು. ಅಕ್ಕ ಮೊದಲು ಇಳಿದು ಅವರ ಜೊತೆ ಹೊರಟಳು. ನಾನು ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡು, ಅವರಿಬ್ಬರೂ ತಿರುವು ದಾಟಿದ ಮೇಲೆ ನಡೆಯತೊಡಗಿದೆ.