ಜೋಳದ ರೊಟ್ಟಿಯ ಮೇಲೆ ಸ್ಕಾಟ್ಲೆಂಡ್

ಅಕ್ಕನಿಗೆ ಆ ವರನನ್ನು ಹುಡುಕಿ ತಂದ ಮಹಾಜಾಣ ನಾನೇ. ಬೈಲಹೊಂಗಲದ ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ. ಕಿತ್ತೂರಿನ ಕಡೆಯವ, ಸ್ಕಾಟ್ಲೆಂಡಿನಲ್ಲಿ ಒಂದು ವರ್ಷ ಓದಿ ಬಂದವ. ಹುಗ್ಗಿಯಿಂದ ಮಜ್ಜಿಗೆಯವರೆಗೂ ಅಲ್ಲಿನ ಒಂದು ಲಾಖ್‌ನ ಸುದ್ದಿಯನ್ನೇ ಹೇಳಿದ. ಲಾಖ್ ಎಂದರೆ ಗುಡ್ಡಗಳ ನಡುವೆ ಕಡಲು ತೂರಿಕೊಂಡು ಒಳಬಂದ ಜಾಗವಂತೆ. ಇಷ್ಟು ಮಾತು ಬಲ್ಲವನ ಜೊತೆ ಅಕ್ಕನಿಗೆ ಬೇಸರವಾಗದು ಎಂದು ಮನೆಗೆ ಬಂದು ಸಾರಿದೆ. ಊರವರ ದನಿಯನ್ನೆಲ್ಲ ಅಣಕಿಸುವ ನನಗೆ, ಬರಿಯ ದನಿಗೆ ಮರುಳಾಗಬಾರದು ಎಂಬಷ್ಟೂ ಬುದ್ಧಿ ಇರಲಿಲ್ಲ.

ಕನ್ಯೆ ನೋಡುವುದು ಮನೆಯಲ್ಲಿ ಬೇಡ, ಸವದತ್ತಿ ಗುಡ್ಡಕ್ಕೆ ಹೋಗಿ ಎಲ್ಲಮ್ಮನಿಗೆ ಕೈಮುಗಿದು, ನವಿಲುತೀರ್ಥದ ಹಿನ್ನೀರಿನ ದಂಡೆಯಲ್ಲಿ ಬುತ್ತಿ ಬಿಚ್ಚೋಣ ಎಂದು ಎರಡೂ ಮನೆಯವರು ಒಪ್ಪಿದರು. ಅಕ್ಕ ಕಟಕೋಳದಲ್ಲಿ ದನದ ಡಾಕ್ಟರ್. ರಜೆ ಹಾಕಿ ಬಂದಿದ್ದಳು. ಒಪ್ಪುವುದು, ಬಿಡುವುದು ಅವಳಿಗೇ ಸೇರಿದ್ದು ಎಂದು ಅಪ್ಪ ಮೊದಲೇ ಹೇಳಿದ್ದ.

ನೀರು ಕಂಡದ್ದೇ ತಡ, ವರ ಶುರು ಮಾಡಿದ. "ಇದೇನ್ ನೀರ್ರಿ, ಬಿಡ್ರಿ! ನಮ್ಮ ಲಾಖ್‌ನ್ಯಾಗ ದಿನಾ ಎರಡ ಸಲ ಕಡಲ ಬರತೈತಿ, ಹೋಗತೈತಿ." ಅವನ ಆ 'ನಮ್ಮ' ಕೇಳಬೇಕಿತ್ತು, ಅವರಜ್ಜ ಗಳಿಸಿಟ್ಟ ಹೊಲವೇ ಅನ್ನಬೇಕು! ಊಟಕ್ಕೆ ಕೂತಾಗ ಬಾಯಿ ಸಾಲದೆ ತಾಟಿಗೇ ಕೈ ಹಾಕಿದ. ರೊಟ್ಟಿಯನ್ನು ಎರಡಾಗಿ ಮುರಿದು ಎರಡು ದಂಡೆ ಮಾಡಿದ. ನಡುವೆ ಮಜ್ಜಿಗೆ ಸುರಿದ. ಝುಣಕದ ಗುಡ್ಡ ಎಬ್ಬಿಸಿದ. ಎಣ್ಣೆಗಾಯಿ ಬದನೆ ಪಾಳುಬಿದ್ದ ಕೋಟೆಯಾಯಿತು, ಹಸಿಮೆಣಸಿನಕಾಯಿ ದೀಪಸ್ತಂಭ. ಕಲ್ಲಿನ ಮೇಲೆ ಬಿಸಿಲು ಕಾಯಿಸುವ ಸೀಲ್ ಪ್ರಾಣಿಗಳ ಬದಲಿಗೆ ಶೇಂಗಾಕಾಳು.

"ಅಯ್ಯ, ಉಣ್ಣೂ ತಾಟಿನ್ಯಾಗ ಕ್ವಾಟಿ ಕಟ್ಟತಾನಲ್ಲವ್ವಾ," ಎಂದು ಅಜ್ಜಿ ಗೊಣಗಿದಳು.

ನಾನು ಸುಮ್ಮನಿರಬೇಕಲ್ಲ? ನನ್ನ ರೊಟ್ಟಿಯನ್ನೂ ಮುರಿದು, ಅವನಂತೆಯೇ ಕಣ್ಣು ಅರೆಮುಚ್ಚಿ, ಮೂಗಿನಿಂದ, "ಇದು ನಮ್ಮೂರು ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿ ರೀ. ದಿನಾ ಎರಡ ಸಲ ಕಬ್ಬಿನ ಟ್ರ್ಯಾಕ್ಟರ್ ಬರತಾವ, ಹೋಗತಾವ," ಎಂದೆ. ಅಪ್ಪ ನನ್ನ ತೊಡೆ ಚಿವುಟಿದ. ವರ ಮಾತ್ರ ಖುಷಿಯಾಗಿ, "ಕರೆಕ್ಟ್! ಹುಡುಗಗ ತಿಳದೈತಿ ನೋಡ್ರಿ," ಎಂದ. ಅಣಕವನ್ನು ಶಿಷ್ಯವೃತ್ತಿ ಎಂದುಕೊಂಡವನ ಮುಂದೆ ನನ್ನ ವಿದ್ಯೆ ಬಿದ್ದುಹೋಯಿತು.

ಅಷ್ಟರಲ್ಲಿ ಅಕ್ಕ ಉಂಡು ಕೈ ತೊಳೆದಿದ್ದಳು. ವರ ಅವಳತ್ತ ತಿರುಗಿದ್ದೇ ಆಗ. "ಮದುವಿ ಆದ ಮ್ಯಾಲ ನಿಮಗ ಇದನ್ನೆಲ್ಲಾ ಕಣ್ಣಾರೆ ತೋರಸ್ತೇನ್ರಿ," ಎಂದ.

ಅಕ್ಕ ಅವನ ತಾಟನ್ನೊಮ್ಮೆ ನೋಡಿದಳು.

"ತೋರಿಸಿದ್ದ ಸಾಕ್ರಿ. ದೀಪದ ಕಂಬ ಯಾವ ಕಡೆ, ಸೀಲ್ ಮಲಗೂ ಕಲ್ಲ ಯಾವ ಕಡೆ, ಎಲ್ಲಾ ತಿಳೀತು. ನಾ ದಿನಾ ಯಾವ ಕಡೆ ಕೆಲಸಕ್ಕ ಹೋಗತೇನಿ ಅಂತ ಮುಂಜಾನಿಂದ ಒಮ್ಮೆರ ಕೇಳಿದ್ರೇನು? ಇನ್ನ ಆ ರೊಟ್ಟಿ ಉಂಡ ಏಳ್ರಿ. ನಮ್ಮ ಮನ್ಯಾಗ ರೊಟ್ಟಿ ಚೆಲ್ಲೂದಿಲ್ಲ."