ನಾಲ್ಕನೆಯ ಚುಕ್ಕಿ

ಹಳಿಯಾಳದಿಂದ ದಾಂಡೇಲಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಡ್ರೈವರನ ಹಿಂದಿನ ಕಿಟಕಿ ಸೀಟು ನೀಲಕ್ಕನದು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಆದರೂ ಗೊತ್ತಿಲ್ಲದೆ ಅಲ್ಲಿ ಕೂತವರನ್ನು ಕಂಡಕ್ಟರನೇ ಎಬ್ಬಿಸಿ ಹಿಂದಕ್ಕೆ ಕಳಿಸುತ್ತಿದ್ದ. ಮೂವತ್ತು ವರ್ಷಗಳಲ್ಲಿ ಕಂಡಕ್ಟರುಗಳು ಹೋದರು, ಬಸ್ಸುಗಳು ಗುಜರಿಗೆ ಹೋದವು, ರಸ್ತೆ ಪಕ್ಕದ ಸಾಗವಾನಿ ಮರಗಳೂ ಎಷ್ಟೋ ಹೋದವು. ನೀಲಕ್ಕ ಮಾತ್ರ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಕಿಟಕಿಗೆ ತಲೆ ಆನಿಸಿ ಕಾಗದದ ಕಾರ್ಖಾನೆಗೆ ಹೋಗುತ್ತಲೇ ಇದ್ದಳು. ಗಂಡ ಬಸಲಿಂಗಯ್ಯ ಮಾಸ್ತರರ ಶಾಲೆ ಮನೆಯಿಂದ ಕೂಗಳತೆಯಲ್ಲಿದ್ದರೂ ಅವರು ಗಂಟೆ ಬಾರಿಸಿದ ಮೇಲೆಯೇ ಹೋಗುವವರು. ಹೆಂಡತಿ ಅಷ್ಟು ದೂರ ಹೋದರೂ ಒಂದು ದಿನ ತಡ ಮಾಡಿದವಳಲ್ಲ. ಓಣಿಯವರಿಗೆ ಇದೊಂದು ಚೇಷ್ಟೆಯ ಮಾತಾಗಿತ್ತು.

ಅವಳು ಸೇರಿದ್ದು ಟೈಪಿಸ್ಟ್ ಆಗಿ. ಎಪ್ಪತ್ನಾಲ್ಕರಲ್ಲಿ ಕಾರ್ಖಾನೆಗೆ ದೊಡ್ಡ ಕಂಪ್ಯೂಟರ್ ಬಂತು. ಅದು ಕೂರಲು ಒಂದು ಇಡೀ ಕೋಣೆ, ಕೋಣೆಗೆ ತಂಪು ಗಾಳಿಯ ಯಂತ್ರ. ದೊಡ್ಡ ಸಾಹೇಬರೇ ಫ್ಯಾನಿನ ಕೆಳಗೆ ಬೆವರುತ್ತಿದ್ದ ಕಾಲ ಅದು. ಒಳಗೆ ಹೋಗುವವರು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡಬೇಕಿತ್ತು. ನೋಡಲು ಬಂದವರಲ್ಲಿ ಕೆಲವರು ಕೈ ಮುಗಿದೂ ಹೋದರು. ಟೈಪಿಂಗ್ ಬಲ್ಲವರನ್ನೆಲ್ಲ ಕಾರ್ಡು ತೂತು ಹೊಡೆಯುವ ಕೆಲಸಕ್ಕೆ ಹಾಕಿದರು. ಪ್ರೋಗ್ರಾಮಿನ ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡು, ಒಂದು ಅಕ್ಷರಕ್ಕೆ ಇಂತಿಷ್ಟು ತೂತು. ಹೀಗೆ ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಹಗಲೆಲ್ಲ ಕುಟ್ಟಿ ಕುಟ್ಟಿ, ಕಂಪ್ಯೂಟರಿನ ಭಾಷೆ ನೀಲಕ್ಕನಿಗೆ ತಲೆಗಿಂತ ಮೊದಲು ಬೆರಳಿಗೆ ಬಂತು.

ತಲೆಗೆ ತುಂಬಿಸಿದವರು ಚನಬಸಪ್ಪನವರು. ಕಾರ್ಖಾನೆಯ ಮೊದಲ ಪ್ರೋಗ್ರಾಮರ್. ಕಲಿಸುವುದರಲ್ಲಿ ಕೈ ಬಿಚ್ಚು, ಮಾತಿನಲ್ಲಿ ಮಹಾ ಜಿಪುಣ. ಹೇಗೆ ಎಂದರೆ ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ಸಲ ತೋರಿಸುವರು; ಯಾಕೆ ಎಂದರೆ ಕನ್ನಡಕ ಒರೆಸಿಕೊಳ್ಳುತ್ತ ಕೂರುವರು. ಎಂಬತ್ತೊಂದರಲ್ಲಿ ಕೆಲಸ ಬಿಡುವಾಗ ಎಲ್ಲವನ್ನೂ ನೀಲಕ್ಕನಿಗೆ ಒಪ್ಪಿಸಿದರು. ಪಗಾರದ ಪ್ರೋಗ್ರಾಮಿನ ಕಟ್ಟಿನಲ್ಲಿ ಒಂದಷ್ಟು ಕಾರ್ಡುಗಳನ್ನು ಬೇರೆ ಮಾಡಿ ತೋರಿಸಿ, "ಇವನ್ನ ಹೆಂಗ ಅದಾವ ಹಂಗ ಒಯ್ಯಿ. ಮುಟ್ಟಬ್ಯಾಡ" ಎಂದರು. ಮುಂದೆ ಎರಡೇ ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ನೀಲಕ್ಕ ಗುರುವಿನ ಮಾತು ಮೀರಲಿಲ್ಲ. ಕಾರ್ಡು ಹೋಗಿ ಟೇಪು ಬಂತು, ಟೇಪು ಹೋಗಿ ಡಿಸ್ಕು ಬಂತು. ಆ ಸಾಲುಗಳನ್ನು ಹೆಂಗ ಇದ್ದವೋ ಹಂಗೇ ಹೊತ್ತು ತಂದಳು.

ತೊಂಬತ್ತೊಂಬತ್ತರಲ್ಲಿ ದೊಡ್ಡ ಕಂಪ್ಯೂಟರಿಗೂ ನೀಲಕ್ಕನಿಗೂ ಒಟ್ಟಿಗೇ ನಿವೃತ್ತಿಯ ಗಳಿಗೆ ಬಂತು. ಅವಳದು ಜುಲೈ ಕೊನೆಗೆ. ಅದರ ಕೆಲಸ ಮಾಡಲು ಮೇಜಿನ ಮೇಲೆ ಕೂರುವ ಸಣ್ಣ ಯಂತ್ರಗಳು ಬಂದವು, ಅವುಗಳ ಜೊತೆ ರೀನಾ ಬಂದಳು. ಮುಂಡಗೋಡದ ಕಡೆಯ ಲಂಬಾಣಿ ತಾಂಡಾದ ಹುಡುಗಿ, ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು. ಹಳೆಯ ಪ್ರೋಗ್ರಾಮುಗಳನ್ನು ನೀಲಕ್ಕನಿಂದ ಕಲಿತು ಹೊಸ ಯಂತ್ರಕ್ಕೆ ದಾಟಿಸುವುದು ಅವಳ ಕೆಲಸ. ಮ್ಯಾನೇಜರ್ ಮೈಸೂರು ಕಡೆಯವರು, ಅಚ್ಚುಕಟ್ಟಿನ ಮನುಷ್ಯ. ಇಬ್ಬರನ್ನೂ ಕರೆದು ಒಂದೇ ನಿಯಮ ಹೇಳಿದರು: ಯಾವ ಸಾಲು ಯಾಕಿದೆ ಅಂತ ನೀಲಕ್ಕ ಹೇಳುತ್ತಾರೋ ಅದು ಹೊಸದಕ್ಕೆ ಹೋಗಲಿ, ಹೇಳಲಾಗದ್ದು ಇಲ್ಲೇ ಉಳಿಯಲಿ.

ಯಾಕೆ ಎಂದು ಕೇಳಲು ರೀನಾಗೆ ನಿಯಮವೇ ಬೇಕಿರಲಿಲ್ಲ. ಚನಬಸಪ್ಪನವರ ಕೋಣೆಯಲ್ಲಿ ಇಷ್ಟು ವರ್ಷ ಕೇಳದೆ ಉಳಿದ ಯಾಕೆಗಳನ್ನೆಲ್ಲ ಅವಳು ಮೊದಲ ವಾರದಲ್ಲೇ ಕೇಳಿ ಮುಗಿಸಿದಳು. ಭತ್ಯೆ ಮೊದಲು ಕೂಡಿ ಆಮೇಲೆ ಯಾಕೆ ಕಳೆಯುತ್ತೀರಿ? ವರ್ಷಕ್ಕೆ ಎರಡೇ ಅಂಕಿ ಯಾಕೆ? ನೀಲಕ್ಕನಿಗೆ ಮೊದಮೊದಲು ಸಿಟ್ಟೇ ಬಂತು. ಆಮೇಲೆ ಉತ್ತರ ಹೇಳುತ್ತ ಹೇಳುತ್ತ, ತನಗೆ ಇಷ್ಟೆಲ್ಲ ಗೊತ್ತಿದೆಯೇ ಎಂದು ತನಗೇ ಆಶ್ಚರ್ಯವಾಗತೊಡಗಿತು. ಎರಡು ತಿಂಗಳಲ್ಲಿ ಒಂದು ಯಾಕೆಗೂ ಅವಳು ಸೋಲಲಿಲ್ಲ. ಡಬ್ಬಿಯಲ್ಲಿ ರೊಟ್ಟಿ ಒಂದು ಹೆಚ್ಚಿಗೆ ಬರತೊಡಗಿತು.

ಹಾಗಿರುವಾಗ ರೀನಾ ಚನಬಸಪ್ಪನವರು ಒಪ್ಪಿಸಿದ್ದ ಆ ಸಾಲುಗಳಿಗೆ ಬಂದು ನಿಂತಳು. ಅದೊಂದು ಪಟ್ಟಿ. ಎಡಗಡೆ ಬಿದಿರಿನ ಯಾರ್ಡಿನ ಕೆಲವು ಕೆಲಸಗಾರರ ನಂಬರು. ಬಲಗಡೆ ಬರೀ ಚುಕ್ಕಿ, ನಕ್ಷತ್ರ, ಅಡ್ಡಗೆರೆ, ಅಧಿಕದ ಗುರುತು, ಒಂದೊಂದು ನಂಬರಿಗೆ ಮೂರು ಮೂರು ಸಾಲು. ಪಗಾರದ ಚೀಟಿಯಲ್ಲಿ ಹೆಸರಿನ ಕೆಳಗೆ ಅವು ಅಚ್ಚಾಗುತ್ತಿದ್ದವು.

"ಇದು ಯಾಕ್ರಿ ಅಕ್ಕಾರ?"

"ಅದನ್ನ ಮುಟ್ಟಬ್ಯಾಡ" ಎಂದಳು ನೀಲಕ್ಕ. ಹೇಳಿದ ಮೇಲೆ, ಅದು ತನ್ನ ದನಿಯಲ್ಲ, ಚನಬಸಪ್ಪನವರದು ಎನ್ನಿಸಿತು.

ರೀನಾ ಮುಟ್ಟಲಿಲ್ಲ, ಆದರೆ ಕದಲಲೂ ಇಲ್ಲ. ನೀಲಕ್ಕ ಯಾರ್ಡಿನ ಲೆಕ್ಕದ ಏನೋ ಗುರುತಿರಬೇಕು ಎಂದು ಹಾರಿಸಿ ನೋಡಿದಳು. ಏನೋ ಎಂದರೆ ಏನು ಎಂದಳು ಹುಡುಗಿ. ಯಾರ್ಡಿನ ಗುಮಾಸ್ತ ಸಾತಪ್ಪನಿಗೆ ಫೋನು ಮಾಡಿದರೆ ಅವನು ನಕ್ಕೇಬಿಟ್ಟ; ಅದು ಕಂಪ್ಯೂಟರಿನವರ ಗುರುತು ಅಂತ ನಾವು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆವಲ್ಲ ಎಂದ. ಅವರದು ಎಂದು ಇವರು, ಇವರದು ಎಂದು ಅವರು, ನಡುವೆ ತಿಂಗಳಾ ತಪ್ಪದೆ ಅಚ್ಚಾಗುವ ಚುಕ್ಕಿಗಳು.

ಆ ಸಂಜೆ ಬಸ್ಸಿನಲ್ಲಿ ನೀಲಕ್ಕನಿಗೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಮ್ಯಾನೇಜರರ ಮುಂದೆ ನಿಂತು ಗೊತ್ತಿಲ್ಲ ಎನ್ನಬೇಕಲ್ಲ ಎಂಬುದು ಒಂದು ಸಂಕಟ. ಗೊತ್ತಿಲ್ಲ ಎಂದ ಕೂಡಲೆ ಗುರು ಒಪ್ಪಿಸಿದ್ದು ಅಲ್ಲಿಗೇ ಮುಗಿಯಿತು ಎಂಬುದು ಇನ್ನೊಂದು. ಎಲ್ಲಕ್ಕಿಂತ ಒಳಗೆ ಕೊರೆದದ್ದು ಬೇರೆ: ಇಷ್ಟು ವರ್ಷ ತಾನು ಪ್ರೋಗ್ರಾಮರಳಾಗಿದ್ದೆನೋ, ಏನಿದೆ ಎಂದು ನೋಡದೆ ಗಂಟು ಹೊರುವ ಹಮಾಲಳಾಗಿದ್ದೆನೋ? ಆದರೆ ಹಳಿಯಾಳ ಬರುವ ಹೊತ್ತಿಗೆ ಸಂಕಟದ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತ್ತು. ಅದು ಯಾಕಿದೆ ಎಂದು ತಿಳಿಯಬೇಕು ಎಂಬ ಶುದ್ಧ ಹುಡುಗಾಟದ ಆಸೆ. ಐವತ್ತೆಂಟನೆಯ ವಯಸ್ಸಿನಲ್ಲಿ ಅದು ಬಂದದ್ದು ಅವಳಿಗೆ ತುಸು ನಾಚಿಕೆಯನ್ನೂ ತಂದಿತು.

ಮರುದಿನ ಅವಳೇ ಆ ಪಟ್ಟಿಯೊಂದನ್ನೇ ಹಳೆಯ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿದಳು. ಕಂಪ್ಯೂಟರಿನ ಪರದೆಯಲ್ಲಿ ಬಿಡಿ ಸಾಲುಗಳಾಗಿ ಕಂಡದ್ದು ಕಾಗದದ ಮೇಲೆ ಒಂದರ ಕೆಳಗೊಂದು ಕೂತಾಗ ಬೇರೆಯೇ ಆಯಿತು. ಒಂದು ಏಣಿಯಂತಿತ್ತು, ಒಂದು ಹೂವಿನಂತಿತ್ತು. ಪಟ್ಟಿಯ ಕೊನೆಯದರಲ್ಲಿ ನಡುವೆ ಅಧಿಕದ ಗುರುತು, ಸುತ್ತ ಮೂರು ಮೂಲೆಗೆ ಮೂರು ಚುಕ್ಕಿ. ರೀನಾ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ತನ್ನ ಮುಂಗೈಯ ಮೇಲಿಟ್ಟು ನೋಡಿದಳು.

"ಇದು ಹಚ್ಚಿ ರೀ ಅಕ್ಕಾರ. ನಮ್ಮ ತಾಂಡಾದಾಗ ಮುದುಕ್ಯಾರ ಕೈಮ್ಯಾಲೆ ಹಿಂತಾವ ಇರ್ತಾವ."

ಹಚ್ಚೆ ಕಂಪ್ಯೂಟರಿನೊಳಗೆ ಬಂದದ್ದು ಹೇಗೆ? ಇಬ್ಬರೂ ಊಟದ ಬಿಡುವಿಗೂ ಕಾಯಲಿಲ್ಲ. ಪಟ್ಟಿಯ ಹೆಚ್ಚಿನ ನಂಬರುಗಳವರು ಎಂದೋ ಕೆಲಸ ಬಿಟ್ಟಿದ್ದರು. ಉಳಿದವರು ಬೆರಳೆಣಿಕೆಯ ಮಂದಿ, ಅದರಲ್ಲಿ ಕೊನೆಯ ನಂಬರು ಚಾಂದಿಬಾಯಿಯದು. ಬಿದಿರಿನ ರಾಶಿಗಳ ನಡುವೆ ಕಸ ಗುಡಿಸುತ್ತಿದ್ದಳು. ಕಂಪ್ಯೂಟರ್ ಕೋಣೆಯವರೇ ತನ್ನನ್ನು ಹುಡುಕಿಕೊಂಡು ಬಂದದ್ದು ಕಂಡು ಪೊರಕೆ ಕೆಳಗಿಟ್ಟು ಎದ್ದು ನಿಂತಳು. ರೀನಾ ಅವರದೇ ಲಂಬಾಣಿ ಮಾತಿನಲ್ಲಿ ಎರಡು ಮಾತಾಡಿದ ಮೇಲೆ ಮುಖದ ಬಿಗಿ ಸ್ವಲ್ಪ ಸಡಿಲಾಯಿತು.

ಚುಕ್ಕಿಯ ಕಥೆ ಅವಳಿಗೆ ಚೆನ್ನಾಗಿಯೇ ನೆನಪಿತ್ತು. ಆಗ ಪಗಾರದ ದಿನ ಚೀಟಿಗಳನ್ನು ಮೇಜಿನ ಮೇಲೆ ಹರಡುತ್ತಿದ್ದರು. ತಮ್ಮದನ್ನು ಎತ್ತಿಕೊಟ್ಟು ಹೆಬ್ಬೆಟ್ಟು ಒತ್ತಿದವರಿಗೆ ದುಡ್ಡು. ಓದು ಬಾರದ ಹೆಂಗಸರು ಯಾರದನ್ನು ಎತ್ತಬೇಕು? ಶಂಕ್ರೆವ್ವನದು ಹೊಳೆವ್ವನಿಗೆ, ಹೊಳೆವ್ವನದು ಇನ್ನೊಬ್ಬಳಿಗೆ, ತಿಂಗಳಾ ಜಗಳ. ಒಂದು ದಿನ ಕನ್ನಡಕದ ಸಾಹೇಬರೊಬ್ಬರು ಬಂದು ಕಿಟಕಿಯ ಪಕ್ಕ ಕೂತು ಗದ್ದಲವನ್ನೆಲ್ಲ ನೋಡಿದರು. ಆಮೇಲೆ ಒಬ್ಬೊಬ್ಬಳನ್ನೇ ಕರೆದು, ನೀನು ಯಾವ ಗುರುತನ್ನು ಮರೆಯುವುದಿಲ್ಲ ಎಂದು ಕೇಳಿದರು. ಹೊಳೆವ್ವ ಏಣಿ ಎಂದಳು, ಮನೆಯ ಅಟ್ಟಕ್ಕೆ ಹಚ್ಚಿದ್ದು. ಶಂಕ್ರೆವ್ವ ಹೂವು ಎಂದಳು. ಚಾಂದಿಬಾಯಿ ಬರೀ ಕೈ ಚಾಚಿದಳು. ಅವರು ಅದನ್ನೇ ನೋಡಿ ಬರೆದುಕೊಂಡರು. ಮುಂದಿನ ತಿಂಗಳು ಮೇಜಿನ ಮೇಲೆ ತನ್ನ ಕೈ ತನಗೇ ಕಂಡಿತಂತೆ.

ನೀಲಕ್ಕನ ಕಣ್ಣು ತುಂಬಿತು. ಒಂದು ಮಾತು, ಬರೀ ಒಂದು ಮಾತು ಹೇಳಿ ಹೋಗಬಾರದಿತ್ತೇ ಈ ಮಹಾರಾಯರು ಎಂದು ಚನಬಸಪ್ಪನವರ ಮೇಲೆ ಸಿಟ್ಟೂ ಬಂತು. ಅಷ್ಟರಲ್ಲಿ ರೀನಾ, ನೋಡಿಯೇ ಬಿಡೋಣವೆಂದು, ಕಾಗದವನ್ನು ಚಾಂದಿಬಾಯಿಯ ಮುಂಗೈಯ ಪಕ್ಕಕ್ಕೆ ಹಿಡಿದಳು. ಮಾಸಿದ ಹಸಿರು ಹಚ್ಚೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ. ಕಾಗದದಲ್ಲಿ ಮೂರು.

"ಇಲ್ಲೆ ಒಂದು ಕಮ್ಮಿ ಐತ್ರಿ" ಎಂದಳು ರೀನಾ.

ಚಾಂದಿಬಾಯಿ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡು ಓಢಣಿಯೊಳಗೆ ಮುಚ್ಚಿಕೊಂಡಳು. ಮೊದಲು ಸರಿಯಿತ್ತೇ ಎಂದರೆ ಹೌದೆಂದು ತಲೆ ಆಡಿಸಿದಳು. ಯಾವಾಗಿನಿಂದ ಕಡಿಮೆಯಾಯಿತು ಎಂದರೆ ಪೊರಕೆ ಎತ್ತಿಕೊಂಡು, ಮುಕಾದಮ ಬೈಯುತ್ತಾನೆ ಎಂದು ಹೊರಟೇಹೋದಳು. ಇಷ್ಟು ಹೊತ್ತು ಅಷ್ಟೊಂದು ಮಾತಾಡಿದವಳು ಒಂದು ಚುಕ್ಕಿಗೆ ಯಾಕೆ ಬೆದರಿದಳು ಎಂಬುದು ಇಬ್ಬರಿಗೂ ತಿಳಿಯಲಿಲ್ಲ.

ಚುಕ್ಕಿ ಎಲ್ಲಿ ಬಿತ್ತು ಎಂಬುದು ಮಾತ್ರ ಕೋಣೆಗೆ ಮರಳುವ ದಾರಿಯಲ್ಲೇ ನೀಲಕ್ಕನಿಗೆ ಹೊಳೆಯಿತು. ಎಂಬತ್ನಾಲ್ಕರ ಮಳೆಗಾಲ. ಕಾರ್ಡುಗಳನ್ನೆಲ್ಲ ಟೇಪಿಗೆ ಹಾಕುವ ಕೆಲಸ. ತಂಪು ಗಾಳಿಯ ಯಂತ್ರ ಕೆಟ್ಟು ಕೂತಿತ್ತು, ಕೋಣೆ ತುಂಬ ತೇವ. ಆ ಪಟ್ಟಿಯ ಕೊನೆಯ ಕಾರ್ಡು ಅಂಚಿನಲ್ಲಿ ಹಪ್ಪಳದ ಹಾಗೆ ಉಬ್ಬಿ ಯಂತ್ರಕ್ಕೆ ಹೋಗಲೊಲ್ಲದು. ಅವಳು ಅದನ್ನು ಬೆಳಕಿಗೆ ಹಿಡಿದು, ಕಂಡಷ್ಟು ತೂತುಗಳನ್ನು ಓದಿ, ಹೊಸ ಕಾರ್ಡು ಹೊಡೆದಳು. ಅಂಚಿನ ಒಂದು ಚುಕ್ಕಿಯ ತೂತುಗಳು ಉಬ್ಬಿ ಮುಚ್ಚಿಹೋಗಿದ್ದವು. ಅದೊಂದು ಪಗಾರದ ಅಂಕಿಯಾಗಿದ್ದರೆ ಲೆಕ್ಕ ತಪ್ಪಿ ಮರುದಿನವೇ ಸಿಕ್ಕಿಬೀಳುತ್ತಿತ್ತು. ಹಚ್ಚೆ ಎಂದು ಗೊತ್ತಿದ್ದಿದ್ದರೆ ಕೈ ನೋಡಿಯಾದರೂ ಸರಿಮಾಡಬಹುದಿತ್ತು. ಏನೆಂದೇ ಗೊತ್ತಿಲ್ಲದ್ದರಲ್ಲಿ ಏನು ಕಡಿಮೆಯಾಯಿತು ಎಂದು ತಿಳಿಯುವುದಾದರೂ ಹೇಗೆ?

ಮ್ಯಾನೇಜರರಿಗೆ ಅವಳು ಎಲ್ಲವನ್ನೂ ಹೇಳಿದಳು, ತಾನು ಕಾರ್ಡು ಹೊಡೆದದ್ದನ್ನೂ ಸೇರಿಸಿ. ಅವರು, ಈಗ ಎಷ್ಟು ಜನ ಉಳಿದಿದ್ದಾರೆ ಎಂದು ಕೇಳಿದರು. ಅಷ್ಟು ಜನ ಇರುವವರೆಗೆ ಇರಲಿ ಎಂದರು. ಹೊಸ ಯಂತ್ರದಲ್ಲಿ ಆ ಪಟ್ಟಿಯನ್ನು ರೀನಾ ಬರೆದಳು. ನಾಲ್ಕನೆಯ ಚುಕ್ಕಿ ಸೇರಬೇಕಾದ ಕೊನೆಯ ಸಾಲಿಗೆ ಬಂದಾಗ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ನೀಲಕ್ಕ ಬೇಡವೆಂದಳು, ನೀನೇ ಹೊಡಿ, ನಾನು ನೋಡುತ್ತೇನೆ ಎಂದಳು. ಪಟ್ಟಿಯ ತಲೆಯ ಮೇಲೆ ಇದು ಯಾಕಿದೆ, ಯಾರು ಮಾಡಿದ್ದು, ಯಾರ ಕೈಯದು ಎಂದು ರೀನಾ ಯಾರೂ ಹೇಳದೆಯೇ ಬರೆದಿಟ್ಟಳು.

ಜುಲೈ ಕೊನೆಗೆ ನೀಲಕ್ಕನಿಗೆ ಶಾಲು ಹೊದಿಸಿ ಕಳಿಸಿದರು. ಆದರೆ ಮುಂದಿನ ಪಗಾರದ ದಿನ ಡ್ರೈವರನ ಹಿಂದಿನ ಸೀಟು ಮತ್ತೆ ತುಂಬಿತ್ತು. ಇನ್ನೇನು ಕೆಲಸವಿದೆ ನಿನಗೆ ಅಲ್ಲಿ ಎಂದು ಬಸಲಿಂಗಯ್ಯ ಮಾಸ್ತರರು ಕೇಳಿದ್ದಕ್ಕೆ, ಒಂದು ಚುಕ್ಕಿ ನೋಡುವುದಿದೆ ಎಂದು ಹೇಳಿ ಬಂದಿದ್ದಳು. ರೀನಾಳ ಜೊತೆ ಯಾರ್ಡಿನ ಕಿಟಕಿಯ ಹತ್ತಿರ ಕಟ್ಟೆಗೆ ಒರಗಿ ನಿಂತಳು.

ಚಾಂದಿಬಾಯಿಯ ಸರದಿ ಬಂತು. ಚೀಟಿ ಎತ್ತಿಕೊಂಡವಳು ಅಲ್ಲೇ ನಿಂತಳು. ಓಢಣಿ ಸರಿಸಿ ಚೀಟಿಯನ್ನು ಮುಂಗೈಯ ಮೇಲಿಟ್ಟು, ಇನ್ನೊಂದು ಕೈಯ ಬೆರಳಿನಿಂದ ಒಂದೊಂದೇ ಮೂಲೆ ಮುಟ್ಟಿ ನೋಡಿದಳು. ಹಿಂದಿನವರು ಸರಿ ಸರಿ ಎಂದರೂ ಸರಿಯಲಿಲ್ಲ. ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದುಕೊಂಡು ನೇರ ನೀಲಕ್ಕನ ಹತ್ತಿರ ಬಂದಳು.

"ಆ ಚುಕ್ಕಿ ಹೋದಾಗಿಂದ ಇದು ನಂದಲ್ಲ ಅನ್ಕೊಂಡಿದ್ದೆ ಅಕ್ಕಾರ" ಎಂದಳು. "ಮೂರು ಚುಕ್ಕಿಯಾಕಿ ಇನ್ನೊಬ್ಬಾಕಿ ಎಲ್ಲೋ ಅದಾಳ, ಒಂದಿನ ಬಂದು ನನ್ನ ಪಗಾರ ಕೊಡು ಅಂತಾಳ ಅಂತ ತಿಂಗಳಾ ಅಂಜಿಕೊಂತ ತಗೋತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದ್ರ ಕಸಕೊಂತಿದ್ರು."

ಹದಿನೈದು ವರ್ಷ. ನೀಲಕ್ಕ ಚಾಂದಿಬಾಯಿಯ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಂಥಾಕಿ ಯಾರೂ ಇರಲಿಲ್ಲ ಚಾಂದಿಬಾಯಿ. ಆ ಚುಕ್ಕಿ ಕೆಡವಿದಾಕಿ ನಾನ."

ಚಾಂದಿಬಾಯಿ ಅವಳ ಮುಖ ನೋಡಿದಳು. ಸಿಟ್ಟಿರಲಿಲ್ಲ, ತಿಳಿಯಬೇಕೆಂಬ ಆಸೆ ಮಾತ್ರ ಇತ್ತು. "ಯಾಕ?" ಎಂದು ಕೇಳಿದಳು.

ಈ ಯಾಕೆಗೆ ನೀಲಕ್ಕನ ಹತ್ತಿರ ಪೂರ್ತಿ ಉತ್ತರವಿತ್ತು. ಅವಳನ್ನು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಎಂಬತ್ನಾಲ್ಕರ ಮಳೆಯಿಂದ ಹೇಳತೊಡಗಿದಳು.