ಏಳಕ್ಕೂ ಹನ್ನೆರಡಕ್ಕೂ ನಡುವಿನ ಗೆರೆ

ಕಾಂಗರೂಗಳ ಸಂಸಾರವನ್ನು ಇಣುಕಿ ನೋಡುವುದೇ ನನ್ನ ನೌಕರಿ. ಪರ್ತ್‌ನಲ್ಲಿ, ನಾವಿರುವ ಎಲೆನ್‌ಬ್ರೂಕ್ ಬಡಾವಣೆಯ ಆಚೆಯ ಬಯಲಿನಲ್ಲಿ ಡ್ರೋನ್ ಮೇಲಿನಿಂದ ವಿಡಿಯೊ ತೆಗೆಯುತ್ತದೆ. ನಾನು ಬರೆದ ಸಾಫ್ಟ್‌ವೇರ್ ಪ್ರತಿ ಕಾಂಗರೂಗೂ ಒಂದು ನಂಬರ್ ಕೊಟ್ಟು, ಯಾವುದು ಯಾವುದರ ಪಕ್ಕ ಎಷ್ಟು ಹೊತ್ತಿತ್ತು ಎಂದು ನೋಡಿ, ಎರಡರ ನಡುವೆ ಗೆರೆ ಎಳೆಯುತ್ತದೆ. ಹೆಚ್ಚು ಹೊತ್ತು ಜೊತೆಗಿದ್ದರೆ ದಪ್ಪ ಗೆರೆ.

ಕಳೆದ ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡದವರೆಲ್ಲ ಪಾರ್ಕಿನಲ್ಲಿ ಬಾರ್ಬಿ, ಅಂದರೆ ಒಲೆಯ ಮೇಲೆ ಸುಟ್ಟು ತಿನ್ನುವ ಬಾರ್ಬೆಕ್ಯೂ ಕೂಟ, ಇಟ್ಟುಕೊಂಡಿದ್ದೆವು. ಎಲ್ಲರನ್ನೂ ಕೇಳಿಯೇ ಮೇಲಿನಿಂದ ವಿಡಿಯೊ ತೆಗೆದೆ. ಸೋಮವಾರ ತಮಾಷೆಗೆಂದು ಅದನ್ನು ಸಾಫ್ಟ್‌ವೇರಿಗೆ ಹಾಕಿದೆ. ನಾನು ನಾಲ್ಕನೇ ನಂಬರ್, ನನ್ನ ಹೆಂಡತಿ ಏಳು. ಎಲ್ಲಕ್ಕಿಂತ ದಪ್ಪ ಗೆರೆ ಏಳರಿಂದ ಹನ್ನೆರಡಕ್ಕೆ ಹೋಗಿತ್ತು. ಹನ್ನೆರಡು ಯಾರೆಂದು ನೋಡಿದರೆ, ಆ ವರ್ಷವಷ್ಟೇ ಇಪ್ಸ್‌ವಿಚ್‌ನಿಂದ ಇಲ್ಲಿಗೆ ಬಂದಿದ್ದ ಡಾಕ್ಟರ್.

ಮೈಯೆಲ್ಲ ಉರಿದುಹೋಯಿತು. ಆ ಆಸಾಮಿಯನ್ನು ಕಂಡರೆ ನನಗೆ ಮೊದಲೇ ಆಗುತ್ತಿರಲಿಲ್ಲ. ನನಗಿಂತ ಎತ್ತರ, ತಲೆ ತುಂಬ ಕೂದಲು, ಸಾಲದ್ದಕ್ಕೆ ಹಾಡು ಬೇರೆ ಹೇಳುತ್ತಾನೆ. ಗಣೇಶನ ಹಬ್ಬದಲ್ಲಿ ಅವನು ಹಾಡಿದಾಗ ನನ್ನವಳು ಎದ್ದು ನಿಂತು ಚಪ್ಪಾಳೆ ತಟ್ಟಿದ್ದಳು. ನಾನು ಬಾತ್‌ರೂಮಿನಲ್ಲಿ ಹಾಡಿದರೆ ಬಾಗಿಲು ಸರಿಯಾಗಿ ಹಾಕಿಕೊಳ್ಳಿ ಅನ್ನುತ್ತಾಳೆ.

ಮೂರು ದಿನ ಆ ಗೆರೆಯನ್ನೇ ನೋಡಿದೆ. ಅವಳು ಫೋನ್ ನೋಡಿ ನಕ್ಕರೂ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಗುರುವಾರ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

“ಅವತ್ತು ಆರ್ವೋ ಪೂರ್ತಿ, ಮಧ್ಯಾಹ್ನದಿಂದ ಸಂಜೆವರೆಗೂ, ಡಾಕ್ಟರ್ ಪಕ್ಕದಲ್ಲೇ ಇದ್ಯಲ್ಲ, ಏನಷ್ಟು ಮಾತು?”

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. “ಯಾರು ಹೇಳಿದ್ದು?”

“ನನ್ನ ಸಾಫ್ಟ್‌ವೇರು.”

“ಹಾಗಾದ್ರೆ ಅದನ್ನೇ ಇನ್ನೊಂದ್ಸಲ ಕೇಳ್ಕೊಂಡ್ ಬನ್ನಿ,” ಎಂದು ಎದ್ದುಹೋದಳು.

ಸಿಕ್ಕಿಬಿದ್ದವಳ ಕೋಪ ಎಂದುಕೊಂಡೆ. ಸಾಕ್ಷಿ ತೋರಿಸಿಯೇ ಬಿಡೋಣವೆಂದು ಮಾರನೆಯ ದಿನ ಇಡೀ ವಿಡಿಯೊವನ್ನು ನಿಧಾನಕ್ಕೆ ನೋಡಿದೆ. ರಾಜ್ಯೋತ್ಸವವೆಂದು ಹೆಂಗಸರೆಲ್ಲ ಮಾತಾಡಿಕೊಂಡು ಹಳದಿ ಸೀರೆ ಉಟ್ಟು, ಕೆಂಪು ರವಿಕೆ ತೊಟ್ಟು ಬಂದಿದ್ದರು. ಮೇಲಿನಿಂದ ಎಲ್ಲರೂ ಒಂದೇ. ನನ್ನ ಹೆಂಡತಿ ಏಳು, ಡಾಕ್ಟರ ಹೆಂಡತಿ ಒಂಬತ್ತು. ಇಬ್ಬರೂ ಒಟ್ಟಿಗೆ ನೀಲಗಿರಿ ಜಾತಿಯ ಒಂದು ಗಮ್ ಮರದ ಕೆಳಗೆ ಹೋಗಿ ಹೊರಬರುವಷ್ಟರಲ್ಲಿ ನಂಬರ್ ಅದಲುಬದಲಾಗಿಬಿಟ್ಟಿತ್ತು. ಕಾಂಗರೂಗಳಲ್ಲಿ ಇದು ದಿನಾ ಆಗುವ ತಪ್ಪು, ಅದನ್ನು ಸರಿಪಡಿಸದೆ ನಾನು ಗೆರೆಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಕಾಂಗರೂಗೆ ಕೊಟ್ಟ ಮರ್ಯಾದೆಯನ್ನು ಹೆಂಡತಿಗೆ ಕೊಟ್ಟಿರಲಿಲ್ಲ.

ಡಾಕ್ಟರ ಪಕ್ಕದಲ್ಲಿದ್ದದ್ದು ಅವನ ಹೆಂಡತಿಯೇ. ನಮ್ಮ ಕೂಟಗಳಲ್ಲಿ ಗಂಡಸರೆಲ್ಲ ಒಲೆಯ ಸುತ್ತ, ಹೆಂಗಸರೆಲ್ಲ ಚಾಪೆಯ ಮೇಲೆ. ಅವರಿಬ್ಬರು ಮಾತ್ರ ಮಧ್ಯಾಹ್ನವಿಡೀ ಜೋಡಿಯಾಗಿ ನಿಂತಿದ್ದರು. ಸಮಾಧಾನವಾಗಬೇಕಿತ್ತು, ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು.

ಆಮೇಲೆ ನನ್ನವಳನ್ನು ಹುಡುಕಿದೆ. ಮರ ದಾಟಿದ ಮೇಲೆ ಅವಳಿಗೆ ಯಾರ ಜೊತೆಗೂ ದಪ್ಪ ಗೆರೆಯಿರಲಿಲ್ಲ. ಚಾಪೆಯ ಅಂಚಿನಲ್ಲಿ ಒಬ್ಬಳೇ ಕೂತಿದ್ದಳು. ಎರಡು ಸಲ ಎದ್ದು, ತಟ್ಟೆ ಹಿಡಿದುಕೊಂಡು, ಒಲೆಯ ಬಳಿ ನಿಂತಿದ್ದ ನಾಲ್ಕನೇ ನಂಬರಿನತ್ತ ನಡೆದಳು. ಎರಡು ಸಲವೂ ಅರ್ಧ ದಾರಿಯಲ್ಲಿ ನಿಂತು ಹಿಂದಿರುಗಿದಳು. ನಾನು ತಿರುಗಿ ನೋಡಿರಲಿಲ್ಲ. ಆ ಹೊತ್ತಿಗೆ ಏನು ಮಾಡುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ: ಪಕ್ಕದಲ್ಲಿ ಯಾರಿದ್ದಾರೆಂದೂ ಗಮನಿಸದೆ ಡಾಕ್ಟರನ್ನೇ ನೋಡುತ್ತಿದ್ದೆ.